ಬೆಳಗಿನ ಆರೂವರೆಯ ಸದ್ದು

ಡಿಸೆಂಬರ್ ಹಿಡಿಯಿತೆಂದರೆ ನನ್ನ ಗ್ಯಾರೇಜಿಗೆ ಬರುವ ಕಾರುಗಳೆಲ್ಲ ಒಂದೇ ದೂರು ಹೊತ್ತು ಬರುತ್ತವೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಮುಂದಿನ ಚಕ್ರದ ಹತ್ತಿರ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಪೇಟೆ ಸೇರುವಷ್ಟರಲ್ಲಿ ಸದ್ದಡಗುತ್ತದೆ. ಆಲ್ದೂರು, ಮೂಡಿಗೆರೆ, ಅತ್ತಿಗುಂಡಿ, ಎಲ್ಲ ಕಡೆಯವರದೂ ಇದೇ ಮಾತು. ಚಿಕ್ಕಮಗಳೂರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಮೊದಲ ಕೆಲವು ವರ್ಷ ಈ ಮಾತಿಗೆ ನಾನು ಕಿವಿಗೊಡಬೇಕಾದಷ್ಟು ಕೊಡಲಿಲ್ಲ.

ಆಲ್ದೂರಿನ ಕಡೆಯ ಒಬ್ಬ ಹಿರಿಯ ಬೆಳೆಗಾರರು ಕಾರು ತಂದಿದ್ದರು. ಅರೇಬಿಕಾ ಕೊಯ್ಲಿನ ಸಮಯ. ಆಳುಗಳನ್ನು ಕೆಲಸಕ್ಕೆ ಹಚ್ಚಿ, ಕಣ ನೋಡಿಕೊಂಡು, ಅವರು ನನ್ನಲ್ಲಿಗೆ ಬರುವಾಗ ಹನ್ನೊಂದು ಗಂಟೆ. ಬಿಸಿಲು ಏರಿರುತ್ತಿತ್ತು. ನಾನು ಎರಡು ಸುತ್ತು ಓಡಿಸಿ ನೋಡಿ, "ಗೌಡರೇ, ಸದ್ದೇ ಬರುತ್ತಿಲ್ಲವಲ್ಲ" ಎಂದೆ. "ನಾನೇನು ಸುಳ್ಳು ಹೇಳುತ್ತೇನೆಯೇನಪ್ಪಾ?" ಎಂದರು. ಮೂರನೆಯ ಸಲ ಬಂದಾಗ ಊಹೆಯ ಮೇಲೆ, ಚಕ್ರದ ಕುಲುಕಾಟ ತಡೆಯುವ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆ. ನಾಲ್ಕನೆಯ ದಿನ ಫೋನು ಬಂತು. ಸದ್ದು ಹಾಗೇ ಇತ್ತು.

ಅವತ್ತು ನನಗೆ ಬಹಳ ನಾಚಿಕೆಯಾಯಿತು. ಕೂಲಿಯ ಹಣ ವಾಪಸು ಕೊಟ್ಟು, "ಕಾರು ರಾತ್ರಿ ಇಲ್ಲೇ ಬಯಲಿನಲ್ಲಿ ನಿಲ್ಲಲಿ" ಎಂದು ಕೇಳಿಕೊಂಡೆ.

ಮರುದಿನ ಆರೂವರೆಗೆ ಹೋದಾಗ ಬಾನೆಟ್ಟಿನ ಮೇಲೆ ಇಬ್ಬನಿ ಹನಿಗಟ್ಟಿತ್ತು. ಎಂಜಿನ್ ಚಾಲೂ ಮಾಡದೆ ಹುಡುಗನಿಗೆ ಬಂಪರಿನ ಮೇಲ್ಭಾಗವನ್ನು ಒತ್ತಿ ಬಿಡಲು ಹೇಳಿದೆ. ಮೊದಲ ಒತ್ತಿಗೇ ಕಿರ್ರೆಂದಿತು. ನಾನು ಕಾರಿನಡಿ ಕೆಲಸ ಮಾಡುವ ಗ್ಯಾರೇಜಿನ ಗುಂಡಿಗಿಳಿದು ಒಂದೊಂದೇ ಜಾಗಕ್ಕೆ ಬೆರಳು ಇಟ್ಟು ನೋಡುತ್ತ ಹೋದೆ. ಶಾಕಿನ ಕೆಳಗಿನ ಬೋಲ್ಟು ಸುಮ್ಮನಿತ್ತು. ಲಿಂಕ್ ರಾಡೂ ಸುಮ್ಮನಿತ್ತು. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್ ಎಂಬ ಸರಳನ್ನು ಚಾಸಿಗೆ ಹಿಡಿದಿರುವ ರಬ್ಬರ್ ತುಂಡು, ಅಂದರೆ ಡಿ ಬುಷ್ಷಿನ ಮೇಲೆ ಬೆರಳಿಟ್ಟಾಗ ಸದ್ದು ಕಿವಿಗೆ ಕೇಳುವ ಮೊದಲೇ ಬೆರಳಿಗೆ ನಡುಗಿ ತಿಳಿಯಿತು. ಸಿರಿಂಜಿನಲ್ಲಿ ಆ ಬುಷ್ಷಿಗೆ ನಾಲ್ಕು ಹನಿ ನೀರು ಬಿಟ್ಟೆ. ಸದ್ದು ನಿಂತಿತು. ಐದು ನಿಮಿಷ ಒತ್ತಿ ಒತ್ತಿ ನೀರು ಹಿಂಡಿಹೋದ ಮೇಲೆ ಮತ್ತೆ ಶುರುವಾಯಿತು. ಬುಷ್ ಬಿಚ್ಚಿ ನೋಡಿದರೆ ಒಳಮೈ ಗಾಜಿನಂತೆ ನುಣುಪಾಗಿತ್ತು, ಉಗುರು ಒತ್ತಿದರೂ ತಗ್ಗುತ್ತಿರಲಿಲ್ಲ. ಶಾಕಿನ ಬೆಲೆಯ ಮುಂದೆ ಆ ರಬ್ಬರ್ ತುಂಡಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಚಳಿಗೆ ರಬ್ಬರ್ ಬಿಗಿಯುತ್ತದೆ, ಶಾಕಿನೊಳಗಿನ ಎಣ್ಣೆ ದಪ್ಪವಾಗುತ್ತದೆ. ಎಣ್ಣೆ ದಪ್ಪವಾದರೆ ಪಿಸ್ಟನ್ನಿನ ಸಣ್ಣ ಕಂಡಿಗಳಲ್ಲಿ ನಿಧಾನವಾಗಿ ಹರಿಯುವುದರಿಂದ ಮೊದಲ ಒಂದೆರಡು ಕಿಲೋಮೀಟರ್ ಕಾರು ಗಡುಸಾಗಿ ಎಗರುತ್ತದೆ. ಅದು ರೋಗವಲ್ಲ. ಹತ್ತು ಡಿಗ್ರಿ ಉಷ್ಣತೆ ಇಳಿದರೆ ಟೈರಿನ ಗಾಳಿಯೂ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ, ಅದನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಬೇಕು. ಆದರೆ ನಮ್ಮ ಜಿಲ್ಲೆಯ ಚಳಿ ಎಷ್ಟೇ ಇದ್ದರೂ ಒಳ್ಳೆಯ ಬುಷ್ಷನ್ನು ಕಿರುಗುಟ್ಟಿಸುವಷ್ಟಿಲ್ಲ. ಸದ್ದು ಮಾಡುವುದು ಮೊದಲೇ ಮುದಿಯಾದ ಬುಷ್. ನಾಲ್ಕು ತಿಂಗಳ ಮಳೆಯಲ್ಲಿ ತೋಟದ ಕೆಸರು ಅದರೊಳಗೆ ಹೊಕ್ಕು ಅರೆದಿರುತ್ತದೆ. ಜೊತೆಗೆ ವಾಟರ್ ಸರ್ವೀಸಿನಲ್ಲಿ ತುಕ್ಕು ಹಿಡಿಯದಿರಲೆಂದು ಅಡಿಭಾಗಕ್ಕೆಲ್ಲ ಡೀಸೆಲ್ಲೋ ಹಳೆಯ ಎಂಜಿನ್ ಆಯಿಲ್ಲೋ ಹೊಡೆಯುತ್ತಾರೆ. ಕಬ್ಬಿಣಕ್ಕೆ ಅದು ಸರಿ, ರಬ್ಬರಿಗೆ ವಿಷ. ಬುಷ್ ಉಬ್ಬಿ ಬಿರುಕು ಬಿಡುತ್ತದೆ. ದಯವಿಟ್ಟು ಹೊಡೆಸಬೇಡಿ. ಸದ್ದಿಗೆ ಏನಾದರೂ ಹಚ್ಚಲೇಬೇಕೆಂದರೆ ಸಿಲಿಕೋನ್ ಗ್ರೀಸ್ ಹಚ್ಚಿ.

ಟೊರೊಂಟೊದಲ್ಲಿರುವ ನನ್ನ ಅಕ್ಕನ ಮಗನ ಕಾರಿನ ಕಥೆ ಬೇರೆ. ಅಲ್ಲಿ ಕೆಲವೊಮ್ಮೆ ಮೈನಸ್ ಇಪ್ಪತ್ತಕ್ಕೂ ಇಳಿಯುವ ಚಳಿ, ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾಯಿಲ್ ಸ್ಪ್ರಿಂಗಿನ ಬಣ್ಣ ಎದ್ದ ಜಾಗದಲ್ಲಿ ತುಕ್ಕು ಹಿಡಿಸುತ್ತದೆ, ಒಂದು ಬೆಳಿಗ್ಗೆ ಚಕ್ರ ರಸ್ತೆಯ ಗುಂಡಿಗೆ ಇಳಿದಾಗ ಕೆಳಗಿನ ಸುತ್ತು ಫಟ್ಟೆಂದು ಮುರಿಯುತ್ತದೆ. ಅವನ ಕಾರಿನದ್ದೂ ಹಾಗೆಯೇ ಮುರಿದಿತ್ತು. ಅವನು ಕಳಿಸಿದ ಫೋಟೋ ನೋಡಿದ ಮೇಲೆ ನಾನೂ ಪ್ರತಿ ಕಾರಿನ ಸ್ಪ್ರಿಂಗ್ ತಳದ ತಟ್ಟೆಯಲ್ಲಿ ಕೂತ ಕೆಸರನ್ನು ಕೆರೆದು ತೆಗೆಯತೊಡಗಿದೆ.

ಇನ್ನೊಂದು ಪಾಠ ನನ್ನದೇ ತಪ್ಪಿನಿಂದ ಕಲಿತದ್ದು. ಒಂದು ಕಾರಿಗೆ ಲೋಯರ್ ಆರ್ಮಿನ, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳಿನ, ಹೊಸ ಬುಷ್ ಹಾಕಿದ್ದೆ, ಆರೇ ತಿಂಗಳಿಗೆ ಚಳಿಯಲ್ಲಿ ಹಂಪಿನ ಮೇಲೆ ಟಕ್ ಎನ್ನತೊಡಗಿತು. ಬಿಚ್ಚಿದಾಗ ರಬ್ಬರ್ ಒಂದೇ ದಿಕ್ಕಿಗೆ ಓರೆಯಾಗಿ ಹರಿದಿತ್ತು. ಮಾಲು ಕಳಪೆ ಎಂದುಕೊಂಡೆ. ಆಮೇಲೆ ಯೋಚಿಸಿದಾಗ ಹೊಳೆಯಿತು. ಕಾರನ್ನು ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ನಾನು ಬೋಲ್ಟನ್ನು ಪೂರ್ತಿ ಬಿಗಿದಿದ್ದೆ. ಈ ಬುಷ್ಷಿನ ಒಳಗಿನ ಕೊಳವೆ ಬಿಗಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ, ಆರ್ಮ್ ಆಡಿದಾಗ ಸುತ್ತಿಕೊಳ್ಳುವುದು ನಡುವಿನ ರಬ್ಬರ್ ಮಾತ್ರ. ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದಲೇ ಅದು ತಿರುಚಿಕೊಂಡೇ ಇರುತ್ತದೆ. ಚಳಿಗೆ ಬಿಗಿದ ರಬ್ಬರ್ ಆ ತಿರುಚನ್ನು ಎಷ್ಟು ದಿನ ತಡೆದೀತು? ಈಗ ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಕಾರನ್ನು ಇಳಿಸಿ, ಗುಂಡಿಯ ಮೇಲೆ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಮೂರು ಸಲ ಒತ್ತಿ ಕೂರಿಸಿದ ಮೇಲೆ ಕೆಳಗಿನಿಂದ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಯುತ್ತೇನೆ. ಹೀಗೆ ಬಿಗಿದ ಬುಷ್ ಒಂದೂ ಆ ಬಗೆಯಲ್ಲಿ ಹರಿದು ನನ್ನಲ್ಲಿಗೆ ಮರಳಿಲ್ಲ.

ನವೆಂಬರಿನಿಂದ ಫೆಬ್ರುವರಿಯವರೆಗೆ ಸದ್ದಿನ ದೂರಿದ್ದ ಕಾರನ್ನು ಹಗಲಿನಲ್ಲಿ ನೋಡುವುದನ್ನೇ ಬಿಟ್ಟಿದ್ದೇನೆ. ಸಂಜೆ ಬಿಟ್ಟುಹೋಗಿ ಎನ್ನುತ್ತೇನೆ. ನಿನ್ನೆ ಸಂಜೆ ಕೈಮರದ ಕಡೆಯಿಂದ ಒಂದು ಕಾರು ಬಂದಿದೆ. ಬಲಗಡೆಯ ಶಾಕಿನ ಮೈ ಎಣ್ಣೆಯಿಂದ ತೇವವಾಗಿತ್ತು. ಒರೆಸಿ, ಒಣಬಟ್ಟೆ ಸುತ್ತಿ ಬಂದಿದ್ದೇನೆ. ಬಟ್ಟೆ ನೆನೆದಿದೆಯೋ ಇಲ್ಲವೋ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ನೋಡಬೇಕು.