ಪಾರ್ಕಿಂಗ್ ನೆಲ ಕಿತ್ತು ಹಾಕಿದ ಮೇಲೆ ಕಾರು ಅಲ್ಲಾಡದೆ ನಿಂತಿತು

ಕಳೆದ ಭಾನುವಾರ ನಮ್ಮ ಸ್ವಿಫ್ಟ್ ನಾಲ್ಕೂ ಚಕ್ರ ಬಿಚ್ಚಿಸಿಕೊಂಡು, ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಕಾರು ಹೊರೋ ಕಬ್ಬಿಣದ ಸ್ಟ್ಯಾಂಡ್ ಮೇಲೆ ನಿಂತಿತ್ತು. ಮುಂದಿನ ಬ್ರೇಕ್ ಪ್ಯಾಡ್, ಹಿಂದಿನ ಶೂ, ಹರಿದುಹೋಗಿದ್ದ ಒಂದು ಸಿವಿ ಬೂಟ್ (ಮುಂಚಕ್ರದ ಆಕ್ಸಲ್ ಕೀಲಿನ ರಬ್ಬರ್ ಕವಚ), ಆಯಿಲ್, ಎಲ್ಲ ಒಂದೇ ದಿನ ಮುಗಿಸಿದೆ. ಮೂರು ವರ್ಷದ ಹಿಂದೆ ಇದೇ ಕಾರು ಇದೇ ಜಾಗದಲ್ಲಿ ಜಾಕ್‌ನಿಂದ ಜಾರಿ ಬಿದ್ದಿತ್ತು. ಆವತ್ತು ಭಾವ, "ಇದೆಲ್ಲ ನಿಂಗ್ಯಾಕೆ ಮಾರಾಯ, ಗ್ಯಾರೇಜಿಗೆ ಬಿಟ್ಟು ಸುಮ್ನೆ ಕೂತ್ಕೋ" ಅಂದಿದ್ದರು. ಈ ಸಲ ಅವರೇ ಬಂದು ಬಾನೆಟ್ ಮೂಲೆ ಹಿಡಿದು ಅಲ್ಲಾಡಿಸಿ ನೋಡಿದರು. ಕಾರು ಜಗ್ಗಲಿಲ್ಲ.

ನಮ್ಮದು ಸಾಗರ. ಮಳೆಗಾಲ ಅಂದರೆ ನಾಲ್ಕು ತಿಂಗಳು ನೆಲ ಒಣಗೋದೇ ಇಲ್ಲ. ಅದಕ್ಕೇ ಮನೆ ಕಟ್ಟುವಾಗ ಪಾರ್ಕಿಂಗಿಗೆ ಇಂಟರ್‌ಲಾಕ್ ಹಾಕಿಸಿ, ಗೇಟಿನ ಕಡೆ ಒಳ್ಳೇ ವಾಟ ಕೊಡಿಸಿದ್ದೆ. ಹತ್ತು ಅಡಿಗೆ ಐದು ಇಂಚಾದರೂ ಇತ್ತು. ನೀರಿಗೆ ಅದು ಸರಿ, ಕಾರು ಎತ್ತೋದಕ್ಕೆ ಅಲ್ಲ.

ಬಿದ್ದ ದಿನ ನಡೆದದ್ದು ಇಷ್ಟು. ಕಾರಿನ ಜೊತೆ ಬಂದ ಸ್ಕ್ರೂ ಜಾಕ್ ಕೊಟ್ಟು ಹಿಂದಿನ ಎಡಗಡೆ ಎತ್ತಿದ್ದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಗೇರ್ ನ್ಯೂಟ್ರಲ್‌ನಲ್ಲಿತ್ತು. ಸ್ವಿಫ್ಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ. ಅದರಲ್ಲಿ ಒಂದು ಗಾಳಿಯಲ್ಲಿ. ಇನ್ನೊಂದರ ಕೆಳಗೆ ಪಾಚಿ. ಚಕ್ರ ಬಿಚ್ಚಿ ಪಕ್ಕಕ್ಕೆ ಉರುಳಿಸಿ, ಡ್ರಮ್ ಬಿಚ್ಚೋಣ ಅಂತ ಸುತ್ತಿಗೆ ತರೋದಕ್ಕೆ ತಿರುಗಿದೆ. ಹಿಂದಿನಿಂದ ಸರ್ ಅಂತ ಸದ್ದು, ಆಮೇಲೆ ಧಡ್. ಕಾರು ನಾಲ್ಕು ಬೆರಳು ಗೇಟಿನ ಕಡೆ ಜಾರಿ, ಜಾಕ್ ಮಡಚಿ, ಡ್ರಮ್ ಇಂಟರ್‌ಲಾಕ್‌ಗೆ ಕುಟ್ಟಿ ಎರಡು ಕಲ್ಲು ಪುಡಿಯಾಗಿದ್ದವು. ಅರ್ಧ ನಿಮಿಷದ ಹಿಂದೆ ನನ್ನ ಕೈ ಅಲ್ಲೇ ಇತ್ತು.

ಆವತ್ತಿಂದ, ಕಾರು ಜಾರಿದರೂ ಅದರ ಮೇಲೆ ಕೂರಲಿ ಅಂತ, ಬಿಚ್ಚಿದ ಚಕ್ರವನ್ನ ಕಾರಿನ ಬದಿಯ ಕೆಳಗೇ ಮಲಗಿಸೋದು ಅಭ್ಯಾಸ ಆಯಿತು. ಒಂದೇ ಒಂದು ನಟ್ ಬಿಚ್ಚೋ ಕೆಲಸ ಇದ್ದರೂ ಸರಿ. ಚಕ್ರ ಬಿಚ್ಚಿಲ್ಲ ಅಂದರೆ ಸ್ಟೆಪ್ನಿ.

ಆಮೇಲೆ ದುಡ್ಡು ಸುರಿದೆ. ಎರಡು ಟನ್ನಿನ ಟ್ರಾಲಿ ಜಾಕ್ (ಗಾಲಿ ಇರೋ, ಆಯಿಲ್ ಒತ್ತಡದಿಂದ ಎತ್ತೋ ಜಾಕ್) ತಂದೆ, ನಾಲ್ಕು ಸಾವಿರ ಚಿಲ್ಲರೆ. ಸ್ಟ್ಯಾಂಡಿಗೆ ಅಷ್ಟೊಂದು ಯಾಕೆ ಕೊಡಬೇಕು ಅಂತ ಇಲ್ಲೇ ವೆಲ್ಡಿಂಗ್ ಶಾಪ್‌ನಲ್ಲಿ ಆಂಗಲ್ ಕೊಟ್ಟು ಒಂದು ಜೊತೆ ಮಾಡಿಸಿದೆ, ಸಾವಿರದ ಐನೂರು. ಮೂರನೇ ಸಲ ಎತ್ತುವಾಗ ಒಂದರ ಕಾಲು ಅಗಲವಾದಂತೆ ಕಂಡಿತು. ಕೆಳಗಿಳಿಸಿ ನೋಡಿದರೆ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಅವು ಈಗ ತುಳಸಿ ಕುಂಡದ ಕೆಳಗಿವೆ. ಹಲ್ಲು ಹಲ್ಲಾಗಿ ಎತ್ತರ ಏರಿಸೋ ಮೂರು ಟನ್ನಿನ ಸ್ಟ್ಯಾಂಡ್ ಎರಡು ಜೊತೆ ತರಿಸಿದೆ, ಒಂದೊಂದು ಜೊತೆಗೆ ಮೂರು ಸಾವಿರದ ಹತ್ತಿರ. ಅದರ ಮೇಲೆ ಬರೆದಿರೋ ಟನ್ ಎಷ್ಟೋ ಸಲ ಜೊತೆಯ ಲೆಕ್ಕ, ಒಂದೊಂದರದ್ದಲ್ಲ. ಓದಿ ತಗೊಳ್ಳಿ. ಸ್ವಿಫ್ಟ್ ಒಟ್ಟು ಒಂದು ಟನ್ನಿನ ಒಳಗೇ ಇದೆ, ಮುಂದಿನ ಒಂದು ಮೂಲೆಗೆ ಮುನ್ನೂರು ಕೆಜಿ ಆಸುಪಾಸು ಬೀಳುತ್ತೆ. ಭಾರ ತಡೆಯೋದು ಕಷ್ಟ ಅಲ್ಲ, ಓಲಾಡದಂತೆ ನಿಲ್ಲಿಸೋದೇ ಕಷ್ಟ.

ಮಧ್ಯೆ ಎರಡು ಪ್ರಯೋಗ ಮಾಡಿದೆ. "ಸಾಲಿಡ್ ಬ್ಲಾಕ್ ಇಡ್ರೀ, ಮನೇನೇ ಹೊರುತ್ತೆ" ಅಂತ ಪಕ್ಕದ ಮನೆಯವರು ಹೇಳುತ್ತಲೇ ಇದ್ದರು. ಕಾರಿನ ಚಕ್ರ ಬಿಚ್ಚದೆ, ಬದಿಗೆ ಸ್ಟೆಪ್ನಿ ಕೊಟ್ಟು, ಬ್ಲಾಕ್ ಮೇಲೆ ಸಣ್ಣ ಕಬ್ಬಿಣದ ತುಂಡಿಟ್ಟು ನಿಧಾನಕ್ಕೆ ಕಾರು ಇಳಿಸಿ ದೂರ ನಿಂತೆ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಟಪ್ ಅಂತ ಎರಡು ಹೋಳು. ಅದಕ್ಕೆ ಮೊದಲು ಒಂದು ಸದ್ದಿಲ್ಲ, ಒಂದು ಗೀರಿಲ್ಲ. ಅದೇ ಜಾಗಕ್ಕೆ ಅಜ್ಜನ ಮನೆಯ ಹಳೇ ಮತ್ತಿ ಮರದ ತೊಲೆಯ ತುಂಡಿಟ್ಟೆ. ಕಬ್ಬಿಣ ಮರದೊಳಗೆ ಸ್ವಲ್ಪ ಹೂತುಕೊಂಡಿತು, ಕಿರ್ ಅಂತು, ನಿಂತಿತು. ಮರ ಹೇಳಿ ಸೋಲುತ್ತೆ, ಸಿಮೆಂಟ್ ಹೇಳೋದಿಲ್ಲ. ಇನ್ನೊಂದು ಪ್ರಯೋಗ ಜಾಕ್‌ದು. ಹೊಸ ಜಾಕ್ ಮೇಲೆ ರಾತ್ರಿಯಿಡೀ ಕಾರು ಬಿಟ್ಟು, ಕಂಬಕ್ಕೆ ಚಾಕ್‌ನಲ್ಲಿ ಗುರುತು ಮಾಡಿದ್ದೆ. ಬೆಳಿಗ್ಗೆ ಒಂದೂವರೆ ಇಂಚು ಇಳಿದಿತ್ತು. ಆಯಿಲ್ ಸೀಲ್ ಎಲ್ಲ ಹೊಸದೇ, ಆದರೂ!

ಇಷ್ಟಾದರೂ ಇಳಿಜಾರಿನಲ್ಲಿ ಸ್ಟ್ಯಾಂಡ್ ವಾಲಿಯೇ ನಿಲ್ಲುತ್ತಿತ್ತು, ಕಾಲು ಇಂಟರ್‌ಲಾಕ್ ಸಂದಿಗೆ ಇಳಿಯುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಟ್ರಾಲಿ ಜಾಕ್‌ದು. ಅದರ ಕೈ ಮೇಲೇಳುವಾಗ ಕಮಾನಿನ ಹಾಗೆ ತಿರುಗುತ್ತೆ. ಜಾಕ್ ತಾನೇ ಒಂದೆರಡು ಇಂಚು ಉರುಳಿ ಬರಬೇಕು. ಸಣ್ಣ ಕಬ್ಬಿಣದ ಗಾಲಿ ಸಂದಿಯಲ್ಲಿ ಸಿಕ್ಕಿಕೊಂಡರೆ ಜಾಕ್ ಬರೋದಿಲ್ಲ, ಕಾರನ್ನೇ ಎಳೆಯುತ್ತೆ. ಆಗ ಇನ್ನೊಂದು ತುದಿಯ ಸ್ಟ್ಯಾಂಡ್ ಗತಿ ಏನು? ಪ್ಲೈವುಡ್ ಹಾಸಿ ನೋಡಿದೆ. 12 ಎಂಎಂನದ್ದು ಎರಡೇ ತಿಂಗಳಿಗೆ ಮಳೆಗೆ ಉಬ್ಬಿತು. ಕಾರಿನ ಕೆಳಗೆ ಇಳಿದು ಕೆಲಸ ಮಾಡೋಕೆ ಹೊಂಡ ತೋಡಿಸೋ ಯೋಚನೆಯೂ ಬಂತು, ಜುಲೈನಲ್ಲಿ ಅದು ಬಾವಿಯಾಗುತ್ತೆ, ಬಿಟ್ಟೆ.

ಕೊನೆಗೆ ನೆಲವನ್ನೇ ಸರಿ ಮಾಡೋಣ ಅಂತ ತೀರ್ಮಾನ ಮಾಡಿದೆ. ಮೇಸ್ತ್ರಿ ಒಪ್ಪಲೇ ಇಲ್ಲ. "ಸಾರ್, ಚೆನ್ನಾಗಿರೋ ಇಂಟರ್‌ಲಾಕ್ ಯಾರಾದರೂ ಕೀಳ್ತಾರಾ? ಮಟ್ಟ ಮಾಡಿದ್ರೆ ನೀರು ನಿಲ್ಲುತ್ತೆ." ನಾನೂ ಬಿಡಲಿಲ್ಲ. ಎಂಟಕ್ಕೆ ಹದಿನಾಲ್ಕು ಅಡಿ ಕಿತ್ತು, ಮನೆ ಕಡೆ ಅಗೆದು, ಗೇಟಿನ ಕಡೆ ಜಲ್ಲಿ ತುಂಬಿ ಕುಟ್ಟಿಸಿ, ವೆಲ್ಡ್ ಮೆಶ್ ಹಾಕಿ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆ. ಉದ್ದಕ್ಕೆ ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲಬೇಕು ಅಂತ ಹಟ ಹಿಡಿದೆ. ನೀರಿಗೆ ಅಂತ ಅಡ್ಡಕ್ಕೆ ಮಾತ್ರ ಅರ್ಧ ಇಂಚು ವಾಟ, ಪಕ್ಕದ ಚರಂಡಿಗೆ. ಎಂಟು ಮೂಟೆ ಸಿಮೆಂಟ್, ಎರಡು ದಿನದ ಕೂಲಿ, ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ ಆಗಿರಬೇಕು. ಮೂರು ವಾರ ಗೋಣಿಚೀಲ ಹಾಸಿ ನೀರು ಹೊಡೆದೆ, ಕಾರು ಬೀದಿಯಲ್ಲೇ ನಿಂತಿತ್ತು. ಮನೆಯವಳು ಅದಕ್ಕೆ ಈಗಲೂ ಒಂದು ಮಾತು ಹೇಳುತ್ತಾಳೆ.

ಈಗ ಎತ್ತೋದು ಹೀಗೆ. ಹಿಂಚಕ್ರದ ಎರಡೂ ಕಡೆ ಮತ್ತಿ ಮರದ ಬೆಣೆ, ಹ್ಯಾಂಡ್‌ಬ್ರೇಕ್, ಫಸ್ಟ್ ಗೇರ್. ಚಕ್ರದ ನಟ್ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲ. ಮೊದಲು ಮುಂದೆ ಸ್ವಲ್ಪ, ಸ್ಟ್ಯಾಂಡಿನ ಎರಡನೇ ಹಲ್ಲಿಗೆ. ಆಮೇಲೆ ಹಿಂದೆ ಅಷ್ಟೇ. ಆಮೇಲೆ ಮತ್ತೆ ಮುಂದೆ. ಒಂದೇ ಉಸಿರಿಗೆ ಒಂದು ತುದಿ ಎತ್ತಿದರೆ ಇನ್ನೊಂದು ತುದಿಯ ಸ್ಟ್ಯಾಂಡ್ ಓರೆಯಾಗುತ್ತೆ. ಪ್ರತಿ ಸ್ಟ್ಯಾಂಡ್ ಕಾಲಿನ ಸುತ್ತ ಚಾಕ್‌ನಲ್ಲಿ ಗೆರೆ ಎಳೆಯುತ್ತೇನೆ. ಹಿಂದೆ ಎತ್ತುವಾಗ ಕಣ್ಣು ಜಾಕ್ ಮೇಲಲ್ಲ, ಮುಂದಿನ ಆ ಗೆರೆ ಮೇಲೆ. ಕಾಲು ಗೆರೆ ದಾಟಿತೋ, ಕೂಡಲೇ ಇಳಿಸಿ ಮೊದಲಿಂದ ಶುರು.

ಜಾಕ್ ಕೊಡೋ ಜಾಗವೇ ಸ್ಟ್ಯಾಂಡಿಗೂ ಬೇಕು ಅನ್ನೋ ತಲೆನೋವು ನಿಮಗೂ ಇದ್ದೇ ಇರುತ್ತೆ ಅಲ್ವಾ? ಬದಿಯ ತಗಡಿನ ಎರಡು ಕಚ್ಚುಗಳ ನಡುವೆ ಸ್ಟ್ಯಾಂಡ್. ಜಾಕ್ ನಾನು ಎಲ್ಲಿ ಕೊಡುತ್ತೇನೆ ಅನ್ನೋದನ್ನ ಇಲ್ಲಿ ಬರೆಯೋದಿಲ್ಲ, ಒಂದೊಂದು ಮಾಡೆಲ್‌ಗೆ ಒಂದೊಂದು ಜಾಗ, ನಿಮ್ಮ ಕಾರಿನ ಮ್ಯಾನ್ಯುಯಲ್ ಚಿತ್ರ ನೋಡಿ. ತಗಡು ಮಡಚದಂತೆ ಸ್ಟ್ಯಾಂಡ್ ತಲೆಗೆ ನಡುವೆ ಸಂದಿ ಕೊಯ್ದ ರಬ್ಬರ್ ಇಡುತ್ತೇನೆ. ಆ ರಬ್ಬರ್ ಎಲ್ಲಿಂದ ತಂದೆ ಅನ್ನೋದು ಸದ್ಯ ನನ್ನಲ್ಲೇ ಇರಲಿ, ಹಳೇ ಟೈರ್ ಅಂತೂ ಅಲ್ಲ, ಅದು ಸ್ಪ್ರಿಂಗ್ ಥರ ಆಡುತ್ತೆ.

ಎಲ್ಲ ನಿಂತ ಮೇಲೆ ಸೊಂಟ ಕೊಟ್ಟು ನಾಲ್ಕೂ ಮೂಲೆ ಜೋರಾಗಿ ತಳ್ಳುತ್ತೇನೆ. ಬೀಳೋದಿದ್ದರೆ ನಾನು ಹೊರಗಿರುವಾಗಲೇ ಬೀಳಲಿ. ಚಕ್ರಗಳು ಬದಿಯ ಕೆಳಗೆ, ಜಾಕ್ ಸ್ವಲ್ಪ ತಾಗಿಸಿ ಹಾಗೇ, ಗೇಟಿಗೆ ಬೀಗ. ಮನೆಯಲ್ಲಿ ಯಾರೂ ಇಲ್ಲ ಅಂದರೆ ಕೆಳಗೆ ತೂರೋದೇ ಇಲ್ಲ.

ಮುಂದಿನ ಭಾನುವಾರ ಭಾವನ ವ್ಯಾಗನ್‌ ಆರ್ ಬರುತ್ತಿದೆ. ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಬೇಕಂತೆ. ಮತ್ತಿ ಬೆಣೆ ಇನ್ನೆರಡು ಕೊಯ್ದಿಟ್ಟಿದ್ದೇನೆ.