ಬೇಗ ಹೋಗುವುದನ್ನು ಮೊದಲು ಹಿಡಿಯಿರಿ: ಪ್ರವಾಸದ ಸ್ಕೆಚ್‌ಬುಕ್ ತುಂಬಿಸುವ ನನ್ನ ಕ್ರಮ

ಸ್ಥಳದಲ್ಲೇ ಕೂತು ಶಾಯಿ, ಜಲವರ್ಣದಲ್ಲಿ ಚಿತ್ರ ಬಿಡಿಸುವಾಗ ನಾನು ಪಾಲಿಸುವ ನಿಯಮ ಒಂದೇ: ಯಾವುದು ಬೇಗ ಹೋಗಿಬಿಡುತ್ತದೋ ಅದನ್ನು ಮೊದಲು ಹಿಡಿಯುವುದು. ಗೋಪುರ ಎಲ್ಲಿಗೂ ಹೋಗುವುದಿಲ್ಲ, ಅದರ ನೆರಳು ಹೋಗುತ್ತದೆ. ತಟ್ಟೆ ಮೇಜಿನ ಮೇಲೇ ಇರುತ್ತದೆ, ಅದರಿಂದ ಏಳುವ ಹಬೆ ಎರಡು ನಿಮಿಷದಲ್ಲಿ ಆರಿಹೋಗುತ್ತದೆ. ಹೊಸಬರು ಸಾಮಾನ್ಯವಾಗಿ ಇದನ್ನು ಹಿಂದುಮುಂದು ಮಾಡುತ್ತಾರೆ. ಕಿಟಕಿಯ ಕೆತ್ತನೆಯಿಂದ ಶುರುಮಾಡಿ ಮುಕ್ಕಾಲು ಗಂಟೆ ಅಲ್ಲೇ ಕಳೆಯುತ್ತಾರೆ. ಆಮೇಲೆ ನೆರಳು ತುಂಬೋಣವೆಂದು ತಲೆಯೆತ್ತಿದರೆ ಬೆಳಕು ಬೇರೆ ಗೋಡೆಗೆ ಸರಿದಿರುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ 20 ನಿಮಿಷಕ್ಕೆ 5 ಡಿಗ್ರಿ. ಎಡಗಡೆಯ ಕಂಬದ ನೆರಳು ಮೊದಲು ಬರೆದದ್ದು, ಬಲಗಡೆಯದು ಒಂದು ಗಂಟೆ ಬಿಟ್ಟು ಬರೆದದ್ದು ಎಂದಾದರೆ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಕಟ್ಟಡ ಎಲ್ಲೋ ತಿರುಚಿಕೊಂಡಂತೆ ಅನಿಸುತ್ತದೆ.

ಹಳೆಯ ದೊಡ್ಡವರೂ ಈ ಸಮಯದ ಲೆಕ್ಕ ಬಲ್ಲವರೇ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಬಿಟ್ಟುಹೋದ ಸುಮಾರು 300 ಸ್ಕೆಚ್‌ಬುಕ್‌ಗಳು ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಬಹುಪಾಲು ಬರೀ ಪೆನ್ಸಿಲ್ ಗೆರೆಗಳು. ಬಣ್ಣ ಹಾಕುವ ಕೆಲಸವನ್ನು ಆತ ಹೆಚ್ಚಾಗಿ ಆಮೇಲೆ, ಒಳಗೆ ಕೂತು ಮಾಡುತ್ತಿದ್ದ. ಫ್ರಾನ್ಸಿನ ಚಿತ್ರಕಾರ ದೆಲಕ್ರ್ವಾ 1832ರಲ್ಲಿ ಮೊರಾಕೊಗೆ ಹೋದಾಗ ತುಂಬಿಸಿದ ಪುಸ್ತಕಗಳಲ್ಲಿ ಚಿತ್ರದ ಪಕ್ಕದಲ್ಲೇ ಬಣ್ಣಗಳ ಹೆಸರು ಬರೆದ ಟಿಪ್ಪಣಿಗಳಿವೆ. ಆ ಅಭ್ಯಾಸವನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಮೊದಲು ಪುಸ್ತಕದ ವಿಷಯ. ನನ್ನದು ಎ5 ಅಳತೆ, 148×210 ಮಿ.ಮೀ. ತೆರೆದರೆ ಎರಡು ಪುಟ ಸೇರಿ ಎ4 ಆಗುತ್ತದೆ, ಮುಚ್ಚಿದರೆ ಊಟದ ಮೇಜಿನ ಒಂದು ಮೂಲೆ ಸಾಕು. ಬೈಂಡಿಂಗ್ ಹೊಲಿಗೆಯದ್ದೇ ಆಗಬೇಕು. ಬರೀ ಅಂಟು ಹಾಕಿದ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆಯುವುದಿಲ್ಲ, ಬಣ್ಣದ ನೀರು ನಡುವಿನ ಕಣಿವೆಗೆ ಇಳಿದು ಅಲ್ಲೇ ನಿಂತು ಕಲೆಯಾಗುತ್ತದೆ. ಹಾಳೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ), ನೂರಕ್ಕೆ ನೂರು ಹತ್ತಿಯದು, ತೀರಾ ತರಿತರಿ ಇಲ್ಲದ್ದು. 150 ಜಿಎಸ್‌ಎಂ ಹಾಳೆಯ ಮೇಲೆ ಗೆರೆ ಚೆನ್ನಾಗಿ ಬರುತ್ತದೆ, ತೆಳು ಬಣ್ಣವನ್ನೂ ತಾಳಿಕೊಳ್ಳುತ್ತದೆ. ಆದರೆ ಎರಡನೇ ಪದರ ಹಾಕುವಷ್ಟರಲ್ಲಿ ಅಲೆ ಎದ್ದು, ತಗ್ಗಿನಲ್ಲಿ ನೀರು ನಿಂತು, ಆಕಾಶದಲ್ಲಿ ಪಟ್ಟೆ ಮೂಡುತ್ತದೆ. ದುಡ್ಡು ಉಳಿಸಬೇಕೆಂದರೆ ಬಣ್ಣಗಳ ಸಂಖ್ಯೆಯಲ್ಲಿ ಉಳಿಸಿ, ಹಾಳೆಯಲ್ಲಿ ಬೇಡ.

ಪೆನ್ನಿನಲ್ಲಿ ನೀರಿಗೆ ಕರಗದ ಪಿಗ್ಮೆಂಟ್ (ಬಣ್ಣದ ಪುಡಿಯ ಕಣಗಳಿರುವ) ಶಾಯಿ ಬೇಕು. 0.3 ಮತ್ತು 0.5 ಮಿ.ಮೀ. ಮೊನೆಯ ಎರಡು ಪೆನ್ನು ಸಾಕು. ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಎಂದಿದ್ದರೂ ಪುಸ್ತಕದ ಕೊನೇ ಪುಟದಲ್ಲಿ ಪರೀಕ್ಷೆ ಮಾಡಿಕೊಳ್ಳಿ: ಮೂರು ಗೆರೆ ಎಳೆದು, ಒಂದರ ಮೇಲೆ ತಕ್ಷಣ, ಒಂದರ ಮೇಲೆ ಒಂದು ನಿಮಿಷಕ್ಕೆ, ಇನ್ನೊಂದರ ಮೇಲೆ ಐದು ನಿಮಿಷಕ್ಕೆ ಒದ್ದೆ ಬ್ರಷ್ ಆಡಿಸಿ. ಜಲವರ್ಣದ ಹಾಳೆಗೆ ಸರೇಸು ಹಚ್ಚಿರುವುದರಿಂದ ಶಾಯಿ ಬೇಗ ಒಳಗಿಳಿಯುವುದಿಲ್ಲ, ಮೇಲೇ ಕೂತು ನಿಧಾನವಾಗಿ ಒಣಗುತ್ತದೆ. ಕಪ್ಪು ಗೆರೆ ಕದಡಿ ಬಣ್ಣವೆಲ್ಲ ಮಸಿಯಾಗುವುದು ಬಹುತೇಕ ಈ ಆತುರದಿಂದಲೇ. ಫೌಂಟನ್ ಪೆನ್ ಇಷ್ಟಪಡುವವರು ಅದಕ್ಕೆಂದೇ ಮಾಡಿದ ಪಿಗ್ಮೆಂಟ್ ಶಾಯಿಯನ್ನೇ ತುಂಬಬೇಕು. ಅರಗು ಬೆರೆತ ಇಂಡಿಯನ್ ಇಂಕ್ ಹಾಕಿದರೆ ನಿಬ್ಬಿನ ಕೆಳಗಿನ ನಾಲಗೆಯ ಸಂದಿನಲ್ಲಿ ಗಟ್ಟಿಯಾಗಿ ಪೆನ್ನೇ ಹಾಳು. ವಿಮಾನದಲ್ಲಿ ಒಯ್ಯುವಾಗ ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲ್ಮುಖವಾಗಿರಲಿ. ಅರ್ಧ ತುಂಬಿದ ಪೆನ್ನಿನೊಳಗಿನ ಗಾಳಿ ಮೇಲೆ ಹೋದಂತೆ ಹಿಗ್ಗಿ ಶಾಯಿಯನ್ನು ಹೊರಗೆ ನೂಕುತ್ತದೆ.

ಬಣ್ಣ ಎಂಟೇ. ತಂಪು ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಕಿತ್ತಳೆಗೆ ವಾಲುವ ಕೆಂಪು, ಕ್ವಿನಾಕ್ರಿಡೋನ್ ಗುಲಾಬಿ, ಅಲ್ಟ್ರಾಮರೀನ್, ಥ್ಯಾಲೋ ನೀಲಿ, ಥ್ಯಾಲೋ ಹಸಿರು. ಹೆಸರಿಗಿಂತ ಟ್ಯೂಬಿನ ಮೇಲಿನ ಪಿಗ್ಮೆಂಟ್ ಸಂಖ್ಯೆ ನೋಡಿ ಕೊಳ್ಳುವುದು ಒಳ್ಳೆಯದು: ಅಲ್ಟ್ರಾಮರೀನ್ ಎಂದರೆ ಪಿಬಿ29, ಬರ್ನ್ಟ್ ಸಿಯೆನ್ನಾ ಪಿಬಿಆರ್7, ಗುಲಾಬಿ ಪಿವಿ19. ಹಳೆಯ ಅಲಿಜರಿನ್ ಕ್ರಿಮ್ಸನ್, ಪಿಆರ್83, ಬೆಳಕಿಗೆ ಮಾಸುತ್ತದೆ. ಪುಟವನ್ನು ಎಂದಾದರೂ ಗೋಡೆಗೆ ಹಾಕುವ ಆಸೆಯಿದ್ದರೆ ಅದನ್ನು ಡಬ್ಬಿಗೆ ಸೇರಿಸಬೇಡಿ. ಕಪ್ಪು ನನ್ನ ಡಬ್ಬಿಯಲ್ಲಿಲ್ಲ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬೂದು ಬರುತ್ತದೆ: ನೀಲಿ ಹೆಚ್ಚಿದ್ದರೆ ನೆರಳಿನ ತಂಪು ಬೂದು, ಕಂದು ಹೆಚ್ಚಿದ್ದರೆ ಬಿಸಿಲು ತಾಗಿದ ಕಲ್ಲಿನ ಬೂದು. ಇಡೀ ಒಂದು ಕೋಟೆಯನ್ನು ಈ ಎರಡೇ ಬಣ್ಣದಲ್ಲಿ ಮುಗಿಸಬಹುದು.

ಟ್ಯೂಬಿನಿಂದ ಖಾಲಿ ಅರ್ಧ ಪ್ಯಾನ್ (ಬಣ್ಣದ ಪುಟ್ಟ ಬಟ್ಟಲು) ತುಂಬುವಾಗ ಒಂದೇ ಸಲಕ್ಕೆ ತುಂಬಬಾರದು. ಮೊದಲು ನಾಲ್ಕು ಮೂಲೆಗೆ ಬಣ್ಣ ಒತ್ತಿ, ಅರ್ಧದವರೆಗೆ ತುಂಬಿ, ಕಡ್ಡಿಯಿಂದ ಕಲಕಿ ಗಾಳಿ ಬಿಡಿಸಿ ಒಣಗಲು ಬಿಡಬೇಕು. ಒಂದೆರಡು ದಿನದ ಮೇಲೆ ಎರಡನೇ ಪದರ. ಆತುರಪಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಕುಗ್ಗಿ ಬಿರುಕು ಬಿಟ್ಟು, ಪ್ರಯಾಣದಲ್ಲಿ ಚೂರುಗಳು ಉದುರಿ ಪಕ್ಕದ ಬಣ್ಣಕ್ಕೆ ಸೇರುತ್ತವೆ.

ಉಳಿದ ಸಾಮಾನು ಇಷ್ಟು: 8ನೇ ನಂಬರಿನ ಮೊನಚು ಬ್ರಷ್ ಒಂದು, ಹಿಡಿಯೊಳಗೆ ನೀರು ತುಂಬುವ ವಾಟರ್ ಬ್ರಷ್ ಒಂದು, ಬಿಗಿ ಮುಚ್ಚಳದ 30 ಮಿ.ಲೀ. ಡಬ್ಬಿ ಎರಡು, ಹಳೇ ಬಟ್ಟೆಯ ತುಂಡು, ಕ್ಲಿಪ್ ನಾಲ್ಕು, 2ಬಿ ಪೆನ್ಸಿಲ್. ನೀರಿನ ಒಂದು ಡಬ್ಬಿ ಬ್ರಷ್ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಒಂದೇ ಡಬ್ಬಿಯಾದರೆ ಮೂರನೇ ಬಣ್ಣಕ್ಕೆ ಬರುವಷ್ಟರಲ್ಲಿ ಹಳದಿ ಕೊಳೆಯಾಗಿರುತ್ತದೆ.

ಇನ್ನು ಸ್ಥಳ. ಕೂರುವಾಗ ಹಾಳೆ ನೆರಳಿನಲ್ಲಿರಬೇಕು, ನಾನು ಬಿಸಿಲಲ್ಲಿದ್ದರೂ ಸರಿ. ಬಿಸಿಲು ನೇರ ಬಿದ್ದ ಹಾಳೆ ಕಣ್ಣು ಕೋರೈಸುತ್ತದೆ, ಹಾಕಿದ ಬಣ್ಣವೆಲ್ಲ ತಿಳಿಯಾಗಿ ಕಾಣುತ್ತದೆ; ಹಾಗಾಗಿ ಗಾಢವಾಗಿ ಹಾಕುತ್ತಾ ಹೋಗುತ್ತೇವೆ. ಒಳಗೆ ತಂದು ನೋಡಿದರೆ ಚಿತ್ರ ಮಂಕು. ಬಿಸಿಲಿನಲ್ಲಿ ಅಂಚು ಸಹ ಬೇಗ ಒಣಗಿ ಗೆರೆಗಟ್ಟುತ್ತದೆ.

ಮೊದಲ ಐದು ನಿಮಿಷ ಪುಸ್ತಕದ ಕೊನೇ ಪುಟದಲ್ಲಿ 4×6 ಸೆಂ.ಮೀ.ನ ಮೂರು ಪುಟ್ಟ ಚೌಕ ಹಾಕಿ ಬೇರೆ ಬೇರೆ ನೋಟ ಹಿಡಿಯುತ್ತೇನೆ. ಅವುಗಳಲ್ಲಿ ವಿವರ ಇರುವುದಿಲ್ಲ. ಬಿಳಿ, ನಡುಬೂದು, ಗಾಢ, ಈ ಮೂರೇ. ಚೌಕದಲ್ಲಿ ಚೆನ್ನಾಗಿ ಕಾಣದ ನೋಟ ದೊಡ್ಡದು ಮಾಡಿದರೆ ಚೆನ್ನಾಗುವುದಿಲ್ಲ. ಆಯ್ದ ಮೇಲೆ ಪುಟದಲ್ಲಿ ಕಟ್ಟಡದ ನೆತ್ತಿಗೊಂದು, ಬುಡಕ್ಕೊಂದು ಗುರುತು. ಇಲ್ಲದಿದ್ದರೆ ಎತ್ತರದ ಕಟ್ಟಡದ ಕಳಶ ಪುಟದಿಂದ ಹೊರಗೆ ಹೋಗುವುದು ಖಂಡಿತ. ಅಳತೆ ತೆಗೆಯಲು ಪೆನ್ಸಿಲನ್ನು ಕೈ ಚಾಚಿ ಹಿಡಿದು ಒಂದು ಕಣ್ಣು ಮುಚ್ಚುತ್ತೇನೆ. ಮೊಣಕೈ ಪ್ರತಿಸಲವೂ ಪೂರ್ತಿ ನೇರವಾಗಿರಬೇಕು, ಸ್ವಲ್ಪ ಮಡಿಸಿದರೂ ಅಳತೆ ಬದಲಾಗುತ್ತದೆ. ಆಮೇಲೆ ನನ್ನ ಕಣ್ಣಿನ ಮಟ್ಟದ ಗೆರೆಯನ್ನು ಪುಟದಗಲ ತೆಳ್ಳಗೆ ಎಳೆಯುತ್ತೇನೆ. ಜನರನ್ನು ಸೇರಿಸಲು ಈ ಗೆರೆಯೇ ಆಧಾರ. ಸಮತಟ್ಟು ನೆಲದಲ್ಲಿ ನಾನು ನಿಂತು ಬರೆದರೆ, ನಿಂತಿರುವ ದೊಡ್ಡವರ ತಲೆಗಳು ದೂರದವರದಾಗಲಿ ಹತ್ತಿರದವರದಾಗಲಿ ಸುಮಾರಾಗಿ ಇದೇ ಗೆರೆಯ ಮೇಲೆ ಬರುತ್ತವೆ. ಕಾಲುಗಳು ಮಾತ್ರ ಮೇಲೆ ಕೆಳಗೆ. ಕೂತು ಬರೆದರೆ ಗೆರೆ ಅವರ ಎದೆಯ ಕೆಳಗೆ ಹಾಯುತ್ತದೆ. ಇದನ್ನು ಮರೆತಾಗಲೇ ದೂರದ ಜನ ಕುಳ್ಳರಾಗಿಯೋ ತೇಲುವವರಾಗಿಯೋ ಕಾಣುವುದು.

ಈಗ ನೆರಳು. ನೆರಳಿನ ಅಂಚನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಪಕ್ಕದಲ್ಲಿ ಗಂಟೆ ಬರೆದು, ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆತ ತಂಪು ಬೂದನ್ನು ಎಲ್ಲ ನೆರಳಿಗೂ ಒಂದೇ ಸಲ ಹರಿಸುತ್ತೇನೆ. ಬೇಕಾದಷ್ಟು ಬಣ್ಣ ಮೊದಲೇ ಕಲಸಿಟ್ಟುಕೊಂಡಿರಬೇಕು. ಅರ್ಧದಲ್ಲಿ ತೀರಿದರೆ ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಕಲೆ ಬೀಳುತ್ತದೆ. ಅರೆ ಒಣಗಿದ ಜಾಗಕ್ಕೆ ಹೆಚ್ಚು ನೀರಿನ ಬ್ರಷ್ ತಾಗಿಸಿದರೆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಬಿಡುತ್ತದೆ. ಅದನ್ನು ಒರೆಸಲು ಹೋಗದೆ ಪೂರ್ತಿ ಒಣಗಲು ಬಿಡುವುದೇ ಮದ್ದು. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ ನೆರಳನ್ನು ಬೇಕಾದದ್ದಕ್ಕಿಂತ ಒಂದು ಮಟ್ಟ ಗಾಢವಾಗಿಯೇ ಹಾಕುತ್ತೇನೆ.

ನೆರಳು ಕೂತ ಮೇಲೆ ಅವಸರವಿಲ್ಲ. ಕೆತ್ತನೆ ತುಂಬಿದ ಗೋಡೆಯಾದರೆ ಒಂದೇ ಒಂದು ಅಂಕಣವನ್ನು, ಅದೂ ಬಿಸಿಲು ನೆರಳು ಸೇರುವ ಕಡೆಯದನ್ನು, ಪೂರ್ತಿ ಬರೆಯುತ್ತೇನೆ. ಉಳಿದವಕ್ಕೆ ಕಂಬಗಳ ಎಣಿಕೆ ಸರಿಯಿದ್ದು ಕೆತ್ತನೆಯ ಕೆಳಗಿನ ನೆರಳಿನ ಚುಕ್ಕೆಗಳಿದ್ದರೆ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ವಸ್ತುಸಂಗ್ರಹಾಲಯದ ಒಳಗೆ ಪೆನ್ಸಿಲ್ ಮಾತ್ರ ತೆಗೆಯಿರಿ. ಹಲವೆಡೆ ಶಾಯಿ ಮತ್ತು ನೀರಿನ ಬಣ್ಣಕ್ಕೆ ಅನುಮತಿಯಿಲ್ಲ. ಕೇಳಿಯೇ ಶುರುಮಾಡುವುದು ಮರ್ಯಾದೆ.

ಹೋಟೆಲಿನ ಮೇಜು ಬೇರೆಯೇ ಕಷ್ಟ, ನನಗೆ ಹೆಚ್ಚು ಪ್ರೀತಿಯದೂ ಹೌದು. ಜನ ಕಡಿಮೆಯಿರುವ ಹೊತ್ತಿಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಕಿಟಕಿ ನನ್ನ ಒಂದು ಪಕ್ಕಕ್ಕೆ ಬರುವಂತೆ ಕೂರುತ್ತೇನೆ. ಪಕ್ಕದ ಬೆಳಕು ತಟ್ಟೆಯ ಅಂಚಿಗೆ ಒಂದೇ ಕಡೆ ನೆರಳು ಕೊಡುತ್ತದೆ. ಹೇಳಿದ ತಿನಿಸು ಬರುವವರೆಗಿನ ಹೊತ್ತು ಚಿನ್ನ. ಅಷ್ಟರಲ್ಲಿ ಕದಲದ ವಸ್ತುಗಳನ್ನೆಲ್ಲ, ಅಂದರೆ ಮೇಜಿನ ಅಂಚು, ನೀರಿನ ಲೋಟ, ಚಮಚ, ಎದುರಿನ ಕುರ್ಚಿ, ಶಾಯಿಯಲ್ಲಿ ಮುಗಿಸಿ ನಡುವೆ ತಟ್ಟೆಗೆ ಜಾಗ ಖಾಲಿ ಬಿಟ್ಟಿರುತ್ತೇನೆ. ಮೊದಲ ನಿಯಮಕ್ಕೆ ಇದೊಂದೇ ವಿನಾಯಿತಿ, ಏಕೆಂದರೆ ಬೇಗ ಹೋಗುವುದು ಇನ್ನೂ ಬಂದೇ ಇಲ್ಲ.

ತಟ್ಟೆ ಬಂದ ಕೂಡಲೇ ಕೂತಲ್ಲಿಂದಲೇ, ಕಣ್ಣಿನ ಎತ್ತರದಲ್ಲಿ ಫೋನ್ ಹಿಡಿದು, ಎರಡು ಪಟ್ಟು ಜೂಮ್ ಇಟ್ಟು ಒಂದು ಫೋಟೊ. ಜೂಮ್ ಇಲ್ಲದೆ ಹತ್ತಿರ ಹೋಗಿ ತೆಗೆದರೆ ಮುಂದಿನ ಅಂಚು ಹಿಗ್ಗಿ ಹಿಂದಿನದು ಕುಗ್ಗುತ್ತದೆ, ಆಗಲೇ ಬರೆದಿರುವ ಲೋಟದ ಜೊತೆ ಹೊಂದುವುದಿಲ್ಲ. ಆಮೇಲೆ ನಾಲ್ಕು ನಿಮಿಷದಲ್ಲಿ ಹೊರಗೆರೆ.

ದುಂಡನೆಯದೆಲ್ಲ ಇಲ್ಲಿ ಮೊಟ್ಟೆಯಾಕಾರವಾಗಿ ಕಾಣುತ್ತದೆ, ಹಾಳಾಗುವುದೂ ಅಲ್ಲೇ. ಮೇಜಿನ ಮೇಲೆ ಚಪ್ಪಟೆಯಾಗಿ ಕೂತ ತಟ್ಟೆಯ ಉದ್ದನೆಯ ಅಕ್ಷ ಅಡ್ಡಕ್ಕೇ ಇರಬೇಕು. ಓರೆಯಾದರೆ ತಟ್ಟೆ ಜಾರುವಂತೆ ಕಾಣುತ್ತದೆ. ಎರಡು ತುದಿಗಳು ಚೂಪಾಗಬಾರದು, ಎಷ್ಟೇ ಸಣ್ಣಗಿದ್ದರೂ ಅಲ್ಲೊಂದು ಬಳಸು ಇರುತ್ತದೆ. ಲೋಟದ ಬಾಯಿಗಿಂತ ಅದರ ತಳದ ಸುತ್ತು ಹೆಚ್ಚು ದುಂಡಗೆ, ಏಕೆಂದರೆ ಅದು ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ತಳ ಮೇಜಿಗೆ ತಾಗಿದೆಯೆಂದು ನೇರ ಗೆರೆ ಎಳೆಯುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಪೆನ್ನು ಹಾಳೆಗೆ ತಾಗಿಸದೆ ಎರಡು ಮೂರು ಸುತ್ತು ಗಾಳಿಯಲ್ಲಿ ಆಡಿಸಿ, ಭುಜದಿಂದ ಕೈ ತಿರುಗಿಸಿ ಒಂದೇ ಸಲಕ್ಕೆ ಇಳಿಸಿದರೆ ಸುತ್ತು ಸರಿಯಾಗಿ ಬರುತ್ತದೆ.

ಬಣ್ಣ ಹಾಕುವಾಗ ಮೊದಲು ಬಿಳಿ ಉಳಿಸಬೇಕಾದ ಜಾಗ ನೋಡಿಕೊಳ್ಳಿ. ಎಣ್ಣೆಯ ಮಿನುಗು, ಲೋಟದ ಅಂಚಿನ ಹೊಳಪು ಹಾಳೆಯದೇ ಬಿಳಿ. ಆದರೆ ಬಿಳಿ ತಟ್ಟೆ ಪೂರ್ತಿ ಬಿಳಿಯಲ್ಲ. ಒಳಗಿನ ಇಳಿಜಾರಿಗೆ ತೀರಾ ತೆಳುವಾದ ತಂಪು ಬೂದು ಹಾಕಿದರಷ್ಟೇ ಅದರೊಳಗಿನ ತಿನಿಸಿನ ಬಣ್ಣ ಬೆಚ್ಚಗೆ ಎದ್ದು ಕಾಣುತ್ತದೆ. ಕರಿದದ್ದು, ಸುಟ್ಟದ್ದರ ಅಂಚಿಗೆ ಬರ್ನ್ಟ್ ಸಿಯೆನ್ನಾ ಇನ್ನೂ ಹಸಿಯಿರುವಾಗಲೇ ಒಂದು ತೊಟ್ಟು ಅಲ್ಟ್ರಾಮರೀನ್ ಬಿಟ್ಟರೆ ಕೆಂಪಗೆ ಕರಿದ ಬಣ್ಣ ತಾನಾಗಿ ಮೂಡುತ್ತದೆ. ಹಬೆಗೆ ಹಿನ್ನೆಲೆಯನ್ನು ಅಲ್ಟ್ರಾಮರೀನ್ ಬೆರೆತ ಬೂದಿನಲ್ಲಿ ಹಾಕಿ, ಹೊಳಪು ಹೋಗುತ್ತಿದ್ದಂತೆ ಹಿಂಡಿದ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಎರಡೇ ಎಳೆತ. ಥ್ಯಾಲೋ ನೀಲಿಯಲ್ಲಿ ಈ ಕೆಲಸ ಆಗುವುದಿಲ್ಲ, ಅದು ಹಾಳೆಗೆ ಕಚ್ಚಿಕೊಂಡುಬಿಡುತ್ತದೆ.

ರಾತ್ರಿಯ ಹಳದಿ ದೀಪದಡಿ ಕಣ್ಣನ್ನು ನಂಬಬೇಡಿ. ಆ ಬೆಳಕಿನಲ್ಲಿ ಹಾಳೆಯೇ ಹಳದಿಯಾಗಿ ಕಾಣುವುದರಿಂದ ಹಾಕಿದ ಹಳದಿ ಗೊತ್ತೇ ಆಗುವುದಿಲ್ಲ, ನೀಲಿ ಕಪ್ಪಾಗಿ ಕಾಣುತ್ತದೆ. ಅಂಥ ಕಡೆ ನಾನು ಶಾಯಿ ಮತ್ತು ಒಂದೇ ಬೂದಿನಲ್ಲಿ ನಿಲ್ಲಿಸಿ, ತುಂಡುತುಂಡಿನ ಮೇಲೆ ಬಾಣ ಹಾಕಿ ಬಣ್ಣದ ಹೆಸರು ಬರೆಯುತ್ತೇನೆ: "ಓಕರ್, ಮೇಲೆ ಕೆಂಪು ಚುಕ್ಕೆ", "ಅಂಚು ಗಾಢ ಕಂದು". ಬೆಳಿಗ್ಗೆ ಹಗಲಿನಲ್ಲಿ ಬಣ್ಣ.

ಪುಟದ ಕೆಳಗೆ ಎರಡು ಸೆಂ.ಮೀ. ಪಟ್ಟಿ ಮೊದಲೇ ಬಿಟ್ಟಿರುತ್ತೇನೆ. ಊರು, ತಾರೀಖು, ಗಂಟೆ, ಬೆಳಕು ಬಂದ ದಿಕ್ಕು, ತಿನಿಸಿನ ಹೆಸರು ಅಲ್ಲಿಯ ಜನ ಹೇಳಿದಂತೆಯೇ. ಅಕ್ಷರವನ್ನು ಕೊನೆಗೆ ತುರುಕಿದರೆ ಚಿತ್ರದ ಮೇಲೆ ಏರುತ್ತದೆ.

ಮುಚ್ಚುವ ಮೊದಲು ಬೆರಳಿನ ಹಿಂಭಾಗವನ್ನು ಹಾಳೆಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆಯೆಂದೇ ಲೆಕ್ಕ, ನೋಡಲು ಒಣಗಿದಂತಿದ್ದರೂ. ಕಾಯಲು ಹೊತ್ತಿಲ್ಲದಿದ್ದರೆ ಎರಡು ಪುಟದ ನಡುವೆ ಬಟರ್ ಪೇಪರ್ ಇಟ್ಟು, ಕ್ಲಿಪ್ಪನ್ನು ಸಡಿಲವಾಗಿ ಹಾಕಿ, ಪುಸ್ತಕವನ್ನು ಚೀಲದಲ್ಲಿ ನಿಲ್ಲಿಸಿ ಒಯ್ಯುತ್ತೇನೆ. ಮಲಗಿಸಿದರೆ ಮೇಲಿನ ಭಾರಕ್ಕೆ ಹಸಿ ಬಣ್ಣ ಎದುರು ಪುಟಕ್ಕೆ ಅಚ್ಚೊತ್ತುತ್ತದೆ. ಬಣ್ಣದ ಡಬ್ಬಿಯನ್ನು ಮಾತ್ರ ಕೋಣೆ ತಲುಪಿದ ಕೂಡಲೇ ತೆರೆದಿಡಬೇಕು, ಒದ್ದೆಯಿರುವಾಗ ಮುಚ್ಚಿಟ್ಟ ಪ್ಯಾನಿನಲ್ಲಿ ಸೆಕೆಯ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.