ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವ ಬಗೆ

ಬೀದಿ ಛಾಯಾಗ್ರಹಣಕ್ಕೆ ಇಳಿದವರಲ್ಲಿ ಹೆಚ್ಚಿನವರು ಹುಬ್ಬಳ್ಳಿಯ ದುರ್ಗದಬೈಲು, ಧಾರವಾಡದ ಲೈನ್ ಬಜಾರ್ ಎಂದು ವಾರಕ್ಕೊಂದು ಜಾಗ ಸುತ್ತಿ, ಕಣ್ಣಿಗೆ ಬಿದ್ದ ಮುಖ, ಬೆಳಕು, ಬಣ್ಣಗಳನ್ನು ಸೆರೆಹಿಡಿದು ಬರುತ್ತಾರೆ. ಕಣ್ಣು ಪಳಗುವುದಕ್ಕೆ ಈ ಸುತ್ತಾಟ ಬೇಕು. ಆದರೆ ನಾಳೆ ಯಾರಾದರೂ ದಾಖಲೆಯೆಂದು ತೆರೆದು ನೋಡಬಹುದಾದ ಚಿತ್ರಸರಣಿ ಬೇಕಿದ್ದರೆ ಒಂದೇ ಜಾಗವನ್ನು ಆರಿಸಿಕೊಂಡು ಇಡೀ ಹಂಗಾಮು ಅಲ್ಲಿಗೇ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಭಾಗದಲ್ಲಿ ಅಂಥ ಕೆಲಸಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಆವಕ ಜೋರಾಗಿರುತ್ತದೆ. ಸೋಮವಾರ ಮತ್ತು ಗುರುವಾರ ವಹಿವಾಟಿನ ದಿನಗಳು. ಹುಬ್ಬಳ್ಳಿ–ದಾವಣಗೆರೆ ರೈಲು ಮಾರ್ಗದಲ್ಲೇ ಊರು ಇರುವುದರಿಂದ ಹೋಗಿಬರುವುದು ಕಷ್ಟವಲ್ಲ. ಮೊದಲ ಭೇಟಿಯಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಚೀಲಗಳು ಲಾರಿಯಿಂದ ಇಳಿಯುವುದೆಲ್ಲಿ, ದಲಾಲಿ ಅಂಗಡಿಯ ಮುಂದೆ ರಾಶಿ ಹಾಕುವವರು ಯಾರು, ಖರೀದಿದಾರರು ಕಾಯಿಯನ್ನು ಹೇಗೆ ಮುರಿದು ನೋಡುತ್ತಾರೆ, ಟೆಂಡರ್ ದರ ಗೊತ್ತಾಗುವ ಹೊತ್ತು ಯಾವುದು, ತೂಕವಾದ ಮಾಲು ಎತ್ತ ಹೋಗುತ್ತದೆ, ಮಾರಾಟವಾಗದೆ ಉಳಿದದ್ದು ಶೀತಲಗೃಹ ಸೇರುವುದು ಯಾವಾಗ ಎಂಬುದನ್ನೆಲ್ಲ ಕೇಳಿ ತಿಳಿದುಕೊಳ್ಳಬೇಕು. ಗಿಡ್ಡ, ದಪ್ಪ ಕಾಯಿಯ ಡಬ್ಬಿ ಮತ್ತು ಉದ್ದ, ತೆಳು ಕಾಯಿಯ ಕಡ್ಡಿ ತಳಿಗಳ ವ್ಯತ್ಯಾಸವನ್ನೂ ಗುರುತಿಸಲು ಬರಬೇಕು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ ಹೆಸರಾದ, 2011ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ ಟ್ಯಾಗ್) ಪಡೆದ ಬೆಳೆ ಇದು. ಬಣ್ಣಕ್ಕೆ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ ಕಾಯಿಯನ್ನು ಬೆಳಕಿಗೆ ಹಿಡಿದು ನೋಡುವ ಒಂದು ಕೈ ಏನು ಹೇಳುತ್ತಿದೆ ಎಂಬುದು ಇಷ್ಟು ತಿಳಿದವರಿಗೆ ಮಾತ್ರ ಕಾಣುತ್ತದೆ.

ಅನುಮತಿಯ ವಿಷಯದಲ್ಲಿ ಸಂಕೋಚ ಬೇಡ. ಪ್ರಾಂಗಣದ ಕಚೇರಿಯಲ್ಲಿ ಒಮ್ಮೆ ತಿಳಿಸಿ, ಆಮೇಲೆ ಪ್ರತಿ ಅಂಗಡಿಯ ಯಜಮಾನರನ್ನೂ ಅಲ್ಲಿ ಕೆಲಸ ಮಾಡುವವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಯಜಮಾನರು ಒಪ್ಪಿದರೆಂದರೆ ತೊಟ್ಟು ಬಿಡಿಸುತ್ತ ಕುಳಿತ ಹೆಣ್ಣುಮಕ್ಕಳೂ ಒಪ್ಪಿದಂತಾಗಲಿಲ್ಲ. “ಅಕ್ಕಾರ, ನೀವು ಕೆಲಸಾ ಮಾಡೂದು ಒಂದ್ ಫೋಟೋ ತಗೀಲೇನ್ರಿ?” ಎಂದು ಕೇಳಿದರೆ ಸಾಕು, ಬೇಡವೆಂದರೆ ಅಲ್ಲಿಗೆ ಬಿಡಬೇಕು. ಕೇಳಿದ ಕೂಡಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುವವರ ಆ ಚಿತ್ರವನ್ನೂ ಗೌರವದಿಂದ ತೆಗೆಯಿರಿ, ಅದು ಅವರಿಗೆ ಬೇಕಾದ ಚಿತ್ರ. ಕಾಲು ಗಂಟೆ ಅಲ್ಲೇ ಕುಳಿತರೆ ಕೈಗಳು ತಮ್ಮ ಕೆಲಸಕ್ಕೆ ಮರಳುತ್ತವೆ, ನಿಮಗೆ ಬೇಕಾದದ್ದು ಆಗ ಸಿಗುತ್ತದೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟು ಭುಗಿಲೆದ್ದು ಇಲ್ಲಿನ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದಿತ್ತು. ಆದ್ದರಿಂದ ದರದ ಮಾತು ಬಿಸಿಯೇರಿದ ಕಡೆ, ತಾನು ಯಾರು, ಚಿತ್ರ ಏಕೆ ಬೇಕು ಎಂಬುದನ್ನು ಹೇಳದೆ ಕ್ಯಾಮೆರಾ ಎತ್ತುವುದು ಸರಿಯಲ್ಲ.

ಇನ್ನು ತಾಂತ್ರಿಕ ವಿಚಾರ. ಚೌಕಟ್ಟಿನ ಮುಕ್ಕಾಲು ಪಾಲು ಕೆಂಪು ತುಂಬಿದಾಗ ಕ್ಯಾಮೆರಾ ಎರಡು ಕಡೆ ಎಡವುತ್ತದೆ. ಮೊದಲನೆಯದು ಬಣ್ಣದ ಲೆಕ್ಕ: ಬಿಳಿಯನ್ನು ಬಿಳಿಯಾಗಿ ತೋರಿಸಲು ಬಣ್ಣಗಳನ್ನು ತಾನಾಗಿ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಆ ಕೆಂಪನ್ನು ತಗ್ಗಿಸಲು ಹೋಗಿ ಬಿಳಿ ಧೋತರ, ಟೋಪಿಗಳಿಗೆ ನೀಲಿ ಛಾಯೆ ಬಳಿಯುತ್ತದೆ. ಬಿಸಿಲಿನಲ್ಲಿ ಡೇಲೈಟ್, ಶೆಡ್ಡಿನೊಳಗೆ ಶೇಡ್ ಎಂದು ನೀವೇ ನಿಗದಿ ಮಾಡಿ. ಎರಡನೆಯದು ಹೆಚ್ಚು ಅಪಾಯಕಾರಿ: ಒಟ್ಟು ಬೆಳಕು ಸರಿಯಿದೆಯೆಂದು ಮೀಟರ್ ತೋರಿಸುತ್ತಿರುವಾಗಲೇ ಕೆಂಪು ಚಾನೆಲ್ (ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂದು ಬೇರೆ ಬೇರೆ ದಾಖಲಿಸುವ ಬಣ್ಣಗಳಲ್ಲಿ ಒಂದು) ಮಾತ್ರ ತುಂಬಿ ಹರಿದು, ಬ್ಯಾಡಗಿ ಕಾಯಿಯ ಗುರುತೇ ಆದ ಆ ಸುಕ್ಕುಗಳು ಅಳಿಸಿ ರಾಶಿಯೆಲ್ಲ ಒಂದೇ ಬಣ್ಣದ ಮುದ್ದೆಯಾಗುತ್ತದೆ. ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ತೆರೆದಿಟ್ಟುಕೊಂಡು, ಎಕ್ಸ್‌ಪೋಷರನ್ನು, ಅಂದರೆ ಒಳಬರುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ತಗ್ಗಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲೇ ತೆಗೆಯುವುದು ಉತ್ತಮ. ರಾಶಿಯ ಪಕ್ಕ ಕುಳಿತವರ ಗದ್ದದ ಕೆಳಗೆ ಕೆಂಪು ಬೆಳಕು ಪ್ರತಿಫಲಿಸುತ್ತದೆ. ಅದು ಅಲ್ಲಿನ ನಿಜವಾದ ಬೆಳಕು, ಎಡಿಟಿಂಗ್‌ನಲ್ಲಿ ತೊಳೆದು ಹಾಕಬೇಡಿ. ಇದನ್ನು ಕಪ್ಪು–ಬಿಳುಪು ಮಾಡುವ ಮನಸ್ಸಾದವರು ರಘುಬೀರ್ ಸಿಂಗ್ (1942–1999) ಅವರ ಕೆಲಸವನ್ನು ಒಮ್ಮೆ ನೋಡಬೇಕು. ಗಂಭೀರ ಛಾಯಾಗ್ರಹಣವೆಂದರೆ ಕಪ್ಪು–ಬಿಳುಪೇ ಎಂಬ ನಂಬಿಕೆಯಿದ್ದ ಕಾಲದಲ್ಲಿ ಅವರು ಭಾರತದ ಬೀದಿಗಳನ್ನು ಬಣ್ಣದಲ್ಲೇ ತೆಗೆದರು.

ಮಸೂರ 28 ಅಥವಾ 35 ಮಿ.ಮೀ. ಇದ್ದರೆ ಸಾಕು, ಮೊಬೈಲ್ ಆದರೂ ನಡೆಯುತ್ತದೆ. ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 35 ಮಿ.ಮೀ. ಮಸೂರದ ಬೆಳಕಿನ ದ್ವಾರವನ್ನು ಎಫ್/8ಕ್ಕೆ ಇಟ್ಟು 3 ಮೀಟರ್ ದೂರಕ್ಕೆ ಫೋಕಸ್ ಕಟ್ಟಿದರೆ ಸುಮಾರು 2ರಿಂದ 7 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಚೀಲ ಹೊತ್ತ ಹಮಾಲರು ಎದುರಾದಾಗ ಫೋಕಸ್ ಹುಡುಕುತ್ತ ದಾರಿಗೆ ಅಡ್ಡ ನಿಲ್ಲುವ ಪ್ರಮೇಯ ಬರುವುದಿಲ್ಲ. ಅವರ ನಡಿಗೆಗೆ ಶಟರ್ ವೇಗ 1/500 ಸೆಕೆಂಡ್ ಇರಲಿ. ಮೆಣಸಿನ ದೂಳು ಏಳುವ ಜಾಗದಲ್ಲಿ ಮಸೂರ ಬದಲಿಸಬಾರದು. ಕಾಯಿ ಮುಟ್ಟಿದ ಕೈಯಲ್ಲಿ ವ್ಯೂಫೈಂಡರಿನ ರಬ್ಬರ್ ಅಂಚನ್ನು ಮುಟ್ಟಿ, ಅದಕ್ಕೇ ಕಣ್ಣಿಟ್ಟರೆ ಆ ದಿನದ ಕೆಲಸ ಅಲ್ಲಿಗೆ ಮುಗಿದಂತೆ. ಒದ್ದೆ ಬಟ್ಟೆಯೊಂದು ಜೇಬಿನಲ್ಲಿರಬೇಕು.

ಯಾವುದನ್ನು ತೆಗೆಯಬೇಕು? ಕೆಂಪು ರಾಶಿಯ ಮೇಲೆ ನಿಂತ ಒಬ್ಬ ವ್ಯಕ್ತಿಯ ಚಿತ್ರವನ್ನು ಎಲ್ಲರೂ ತೆಗೆದಿದ್ದಾರೆ, ನೀವೂ ಒಂದು ತೆಗೆದು ಮುಂದೆ ಸಾಗಿ. ದರಕ್ಕಾಗಿ ಕಾಯುತ್ತ ಚೀಲಕ್ಕೆ ಒರಗಿದ ರೈತ, ಬುತ್ತಿ ಬಿಚ್ಚಿದ ಹೊತ್ತು, ತೂಕದ ಚೀಟಿಯನ್ನು ಎರಡೆರಡು ಸಲ ಓದುವ ಕಣ್ಣು, ಮೂಗಿಗೆ ಬಿಗಿದ ವಸ್ತ್ರ ಇವುಗಳಲ್ಲಿ ಮಾರುಕಟ್ಟೆಯ ಬದುಕಿದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ತಮ್ಮ ವಸ್ತುವಾಗಿಸಿಕೊಂಡಿದ್ದರು; ಅವರ ಚಿತ್ರಗಳಲ್ಲಿ ಮಕ್ಕಳಾಗಲಿ ದುಡಿಯುವವರಾಗಲಿ ಮರುಕದ ವಸ್ತುಗಳಾಗಿ ಕಾಣುವುದಿಲ್ಲ, ನಾವು ಅವರಿಂದ ಕಲಿಯಬೇಕಾದದ್ದು ಆ ನೋಟವನ್ನು.

ಕೊನೆಯದಾಗಿ, ಹೆಚ್ಚಿನವರು ಕಡೆಗಣಿಸುವ ಕೆಲಸ: ಚಿತ್ರದ ಅಡಿಬರಹ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ವಲಸಿಗ ತಾಯಿಯ ಚಿತ್ರ ಜಗತ್ತಿಗೆಲ್ಲ ಗೊತ್ತು. ಆದರೆ ಅಂದು ಅವರು ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ತನ್ನ ಹೆಸರನ್ನೂ ಕೇಳಲಿಲ್ಲವೆಂಬ ನೋವು ಆಕೆಗೆ ಇತ್ತು. ಹೀಗಾಗಿ ಚಿತ್ರ ತೆಗೆದ ಜಾಗದಲ್ಲೇ ಹೆಸರು, ಊರು, ಮಾಡುತ್ತಿದ್ದ ಕೆಲಸ, ದಿನಾಂಕ, ಆ ದಿನದ ದರ ಇಷ್ಟನ್ನು ಬರೆದುಕೊಳ್ಳಿ. ಹೆಸರು ಬೇಡವೆಂದವರ ಹೆಸರು ಬಿಟ್ಟು ಉಳಿದದ್ದನ್ನು ಬರೆಯಿರಿ. ಮುಂದಿನ ವಹಿವಾಟಿನ ದಿನ ಹೋಗುವಾಗ 4x6 ಅಂಗುಲದ ಪ್ರಿಂಟ್ ಒಯ್ದು ಅವರಿಗೇ ಕೊಟ್ಟು, ಬರೆದದ್ದನ್ನು ಓದಿ ಹೇಳಬೇಕು. ಊರೋ ಹೆಸರೋ ತಪ್ಪಿದ್ದರೆ ಅವರೇ ತಿದ್ದುತ್ತಾರೆ, ಎಲ್ಲಿಯೂ ಹಾಕಬೇಡಿರಿ ಎನ್ನುವವರೂ ಆಗಲೇ ಹೇಳುತ್ತಾರೆ. ಹಾಗೆಂದವರ ಚಿತ್ರವನ್ನು, ಅದು ಸರಣಿಯಲ್ಲೇ ಅತ್ಯುತ್ತಮವಾದದ್ದಾಗಿದ್ದರೂ, ಪ್ರಕಟಣೆಯ ಪಟ್ಟಿಯಿಂದ ತೆಗೆದುಬಿಡಬೇಕು.